ಎಲ್ಲಿಂದ ಬಿಚ್ಚೋಣ?

ಹಳೇ ಜೀಪೊಂದನ್ನು ಮೊದಲಿನ ಹಾಗೆ ಮಾಡೋಣ ಅಂತ ಶೆಡ್ಡಿನಿಂದ ಅಂಗಳಕ್ಕೆ ತಳ್ಳಿ ನಿಲ್ಲಿಸಿದರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ಮೆಕ್ಯಾನಿಕ್ಕುಗಳಾಗುತ್ತಾರೆ. ಡೈರಿಗೆ ಹೊರಟವರು ಹಾಲಿನ ಕ್ಯಾನು ಕೆಳಗಿಟ್ಟು, "ಮೊದ್ಲು ಎಂಜಿನ್ ಇಳಿಸ್ಬಿಡಿ" ಅನ್ನುತ್ತಾರೆ. ಪಕ್ಕದ ತೋಟದವರು ಟೈರಿಗೊಂದು ಒದೆ ಕೊಟ್ಟು, "ನಾಲ್ಕು ಹೊಸ ಟೈರ್ ಹಾಕ್ಸಿ, ಅರ್ಧ ಕೆಲ್ಸ ಮುಗೀತು" ಅನ್ನುತ್ತಾರೆ. ಮನೆಯೊಳಗಿಂದ ಬರುವ ಸಲಹೆ ಎಲ್ಲಕ್ಕಿಂತ ಸರಳ: ಗುಜರಿಯವನಿಗೆ ಫೋನ್ ಮಾಡುವುದರಿಂದ ಶುರು ಮಾಡಿ.

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಹೀಗೆ ಶೆಡ್ಡು ಸೇರಿದ ಜೀಪುಗಳಿಗೇನೂ ಬರವಿಲ್ಲ. ಬಾನೆಟ್ಟಿನ ಮೇಲೆ ಖಾಲಿ ಗೋಣಿಚೀಲ, ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿ. ನಮ್ಮದು ಎತ್ತರದ ಬಾನೆಟ್ಟಿನ ಸಿಜೆ3ಬಿ. ಅಮೆರಿಕದ ವಿಲ್ಲಿಸ್ ಕಂಪನಿಯ ಟೊಲೆಡೋ ಕಾರ್ಖಾನೆಯಲ್ಲಿ 1953ರಲ್ಲಿ ಶುರುವಾಗಿ 1968ಕ್ಕೆ ನಿಂತ ಮಾದರಿ. ಅಲ್ಲಿ ನಿಂತರೂ ಇಲ್ಲಿ ಮಹೀಂದ್ರದವರು ಅದನ್ನು ವರ್ಷಗಟ್ಟಲೆ ಮಾಡುತ್ತಲೇ ಇದ್ದರು. ಬಾನೆಟ್ಟು ಎತ್ತರವಾದದ್ದು ಚೆಂದಕ್ಕಲ್ಲ. ಹೊಸದಾಗಿ ಬಂದ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿಗೆ ಇನ್‌ಲೆಟ್ ವಾಲ್ವು ಮೇಲೆ, ಹೆಡ್ಡಿನಲ್ಲಿ. ಅದರಿಂದ ಎಂಜಿನ್ನೇ ಎತ್ತರವಾಗಿ ಹಳೇ ಬಾನೆಟ್ಟಿನಡಿ ಹಿಡಿಸಲಿಲ್ಲ, ಬಾನೆಟ್ಟನ್ನೇ ಎತ್ತಿದರು. ನೋಡಿದವರು ಮೂಗು ಮುರಿದಿರಬೇಕು. ಈಗ ಅದೇ ಗಾಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಕೆಲಸ ಶುರು ಮಾಡುವ ಉತ್ಸಾಹಿಗಳಲ್ಲಿ ಬಣ್ಣದಿಂದ ಶುರು ಮಾಡುವವರೇ ಜಾಸ್ತಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕನಿಕರ. ಹಳ್ಳ ಬಿದ್ದಲ್ಲೆಲ್ಲ ಪುಟ್ಟಿ ಮೆತ್ತಿ ಹಸಿರು ಬಣ್ಣ ಹೊಡೆಸುವುದೆಂದರೆ ಗೆದ್ದಲು ಹಿಡಿದ ತೊಲೆಗೆ ಸುಣ್ಣ ಬಳಿದ ಹಾಗೆ. ಅದೂ ಹೋಗಲಿ, ಆಮೇಲೆ ವೆಲ್ಡಿಂಗ್ ಆಗಬೇಕು, ಆ ಬಿಸಿಗೆ ಬಣ್ಣ ಸುಡುತ್ತದೆ. ಬ್ರೇಕ್ ಆಯಿಲ್ ಹಾಕಬೇಕು, ಅದರ ನಾಲ್ಕು ಹನಿ ಬಿದ್ದಲ್ಲಿ ಬಣ್ಣ ಗುಳ್ಳೆ ಎದ್ದು ಸುಲಿಯುತ್ತದೆ. ಇನ್ನೊಂದು ಪಂಗಡ ಪೂರ್ತಿ ಬಿಚ್ಚುವವರದ್ದು. ಒಂದೇ ಭಾನುವಾರ ಎಲ್ಲ ಬಿಚ್ಚಿ ಬೋಲ್ಟುಗಳನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿಡುತ್ತಾರೆ. ಮುಂದಿನ ಮಳೆಗಾಲಕ್ಕೆ ಯಾವ ಬಾಟಲಿ ಯಾವುದರದ್ದು ಎಂಬುದು ದೇವರಿಗೇ ಗೊತ್ತು. ಅರ್ಧ ಬಿಚ್ಚಿದ ಗಾಡಿ ಕೊಳ್ಳಲು ಸಿಕ್ಕಿದರೆ ಅಗ್ಗ ಅಂತ ಬಾಯಿ ಬಿಡುವವರು ಈ ಬಾಟಲಿಗಳನ್ನೂ ಒಮ್ಮೆ ನೋಡಬೇಕು.

ನನ್ನ ಮಟ್ಟಿಗೆ ಮೊದಲ ಆಯುಧ ಸ್ಪ್ಯಾನರ್ ಅಲ್ಲ, ಒಂದು ಚಿಕ್ಕ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್. ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ಮಲಗಬೇಕು. ಚಾಸಿಯ, ಅಂದರೆ ಗಾಡಿಯನ್ನು ಹೊತ್ತ ಉಕ್ಕಿನ ಚೌಕಟ್ಟಿನ ಉದ್ದಕ್ಕೂ ಗೇಣಿಗೊಂದರಂತೆ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ 'ಟಣ್' ಅನ್ನುತ್ತದೆ. ಕೊಳೆತಲ್ಲಿ ಸದ್ದೇ ಬೇರೆ, 'ಡಬ್' ಅಂತ ಸೋತ ಸದ್ದು, ಜೊತೆಗೆ ಕಣ್ಣಿಗೊಂದಿಷ್ಟು ತುಕ್ಕಿನ ಪುಡಿ. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತೂರಿಕೊಂಡು ಹೋಯಿತೋ, ಬಜೆಟ್ಟೂ ಅದರ ಹಿಂದೆಯೇ ಹೋಯಿತು ಅಂತ ಲೆಕ್ಕ. ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಕೊಂಡಿ (ಶಾಕಲ್) ಕೂರುವ ಜಾಗ, ಫ್ಲೋರಿನಡಿ ಕೆಸರು ನಿಲ್ಲುವ ಚಾನೆಲ್ಲುಗಳು, ಹಿಂದಿನ ಅಡ್ಡಪಟ್ಟಿ (ಕ್ರಾಸ್ ಮೆಂಬರ್), ಇಲ್ಲೆಲ್ಲ ಎರಡೆರಡು ಸಲ ತಟ್ಟಬೇಕು. ತೋಟದ ಜೀಪಿಗೆ ಮಳೆಯೊಂದೇ ಶತ್ರುವಲ್ಲ. ವರ್ಷಾ ವರ್ಷಾ ಪೊಟ್ಯಾಷ್ ಚೀಲ ಹೊತ್ತಿರುತ್ತದೆ. ನಾವು ಕಾಫಿ ಬುಡಕ್ಕೆ ಹಾಕುವ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಒಂದು ಬಗೆಯ ಉಪ್ಪೇ. ಹರಿದ ಚೀಲದಿಂದ ಉದುರಿದ್ದು ಮಳೆನೀರಿನ ಜೊತೆ ಸಂದಿ ಸೇರಿದರೆ, ಸಮುದ್ರ ನೋಡದ ಗಾಡಿಗೂ ಕಡಲತೀರದ ತುಕ್ಕು.

ಹಾಗೆ ತಟ್ಟುವಾಗಲೇ ಚಾಸಿ ನಂಬರ್ ಎಲ್ಲಿದೆ ಅಂತ ಹುಡುಕಿ, ಕೆರೆದು, ಗ್ರೀಸ್ ಸವರಿ ಬಿಡಬೇಕು. ಅದು ಬರೀ ಉಕ್ಕಿನ ಮೇಲೆ ಒತ್ತಿದ ಅಕ್ಷರ. ಟಿಂಕರಿಂಗ್ ಹುಡುಗ ಗ್ರೈಂಡರ್ ಹಿಡಿದು ಹುಮ್ಮಸ್ಸಿನಲ್ಲಿ ಉಜ್ಜಿದರೆ ಗಾಡಿ ಫಳಫಳ, ಗುರುತು ಮಾತ್ರ ಮಾಯ. ಆರ್‌ಟಿಒ ಕೆಲಸಕ್ಕೆ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಲ್ಲ. 15 ವರ್ಷ ದಾಟಿದ ಖಾಸಗಿ ಗಾಡಿಯನ್ನು ಐದೈದು ವರ್ಷಕ್ಕೆ ಮತ್ತೆ ನೋಂದಾಯಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲೇ 5,000ಕ್ಕೆ ಏರಿತು. ಆರ್‌ಸಿ ಸರಿಯಿಲ್ಲದ ಜೀಪಿಗೆ ಎಷ್ಟು ಸುರಿದರೂ ಅದು ಅಂಗಳದ ಅಲಂಕಾರವೇ.

ಆರ್‌ಸಿ ಬಿಡಿಸಿದರೆ ಇನ್ನೊಂದು ತಮಾಷೆ. ಇಂಧನ: ಪೆಟ್ರೋಲ್. ಬಾನೆಟ್ಟು ಎತ್ತಿದರೆ ಒಳಗೆ ಡೀಸೆಲ್. ನಮ್ಮ ಕಡೆ ಇದೇನೂ ಅಪರೂಪವಲ್ಲ. ಪೆಟ್ರೋಲ್ ರೇಟು ಏರಿದಾಗ ಎಷ್ಟೋ ಯಜಮಾನರು ಹರಿಕೇನನ್ನು ಇಳಿಸಿ ಡೀಸೆಲ್ ಕೂರಿಸಿಕೊಂಡರು. ಫ್ರಾನ್ಸಿನ ಪೂಜೋ ಕಂಪನಿಯ ಕುಲದ್ದು ಸಿಕ್ಕಿದವರಿಗೆ ಅದು, ಇಲ್ಲದವರಿಗೆ ಟ್ರ್ಯಾಕ್ಟರಿನದ್ದು. ನಮ್ಮ ಬಂಪರಿನ ನಡುವೆ, ಕೈಯಿಂದ ತಿರುಗಿಸಿ ಎಂಜಿನ್ ಶುರು ಮಾಡುವ ಹ್ಯಾಂಡಲ್ ತೂರಿಸುವ ತೂತು ಇನ್ನೂ ಇದೆ, ಹ್ಯಾಂಡಲ್ ಹೊಡೆಸಿಕೊಳ್ಳುತ್ತಿದ್ದ ಎಂಜಿನ್ನೇ ಇಲ್ಲ.

ಹಾಗಾದರೆ 'ಮೊದಲಿನ ಹಾಗೆ' ಮಾಡುವುದು ಅಂದರೆ ಯಾವ ಮೊದಲಿನ ಹಾಗೆ? ಟೊಲೆಡೋದವರು ಬರೆದ ನಕ್ಷೆಯ ಹಾಗೋ, ಡೀಸೆಲ್ ಹೊಗೆಯುಗುಳುತ್ತಾ ಆಳುಗಳನ್ನು ಗುಡ್ಡ ಹತ್ತಿಸಿದ ಜೀಪಿನ ಹಾಗೋ? ಇದು ತೀರ್ಮಾನವಾಗದೆ ಸ್ಪ್ಯಾನರ್ ಮುಟ್ಟಬಾರದು. ಸರ್ಕಾರಕ್ಕೂ ಈ ವಿಷಯದಲ್ಲಿ ಒಂದು ಅಭಿಪ್ರಾಯವಿದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರವಿರುವ ವಿಂಟೇಜ್ ನಂಬರ್ ಸಿಗುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು. ಸಿಕ್ಕ ಮೇಲೂ ಮೆರವಣಿಗೆ, ಪ್ರದರ್ಶನಕ್ಕಷ್ಟೇ, ದಿನದ ಓಡಾಟಕ್ಕಿಲ್ಲ. ಮೆಣಸಿನ ಚೀಲ ಹೇರಲಾಗದ ಜೀಪು ನನಗ್ಯಾಕೆ? ಡೀಸೆಲ್ ಇರಲಿ, ಅದನ್ನೇ ಆರ್‌ಸಿಗೆ ಏರಿಸುವ ಅರ್ಜಿ ಮೊದಲು ಹೋಗಲಿ. ನನ್ನ ತಮ್ಮ ಒಪ್ಪುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹರಿಕೇನಿನ ಸಾಮಾನು ಸಿಗುತ್ತದೆ ಅನ್ನುವುದು ಅವನ ವಾದ. ಸಿಗಬಹುದು. ಒಂದು ಲೀಟರಿಗೆ ಎಷ್ಟು ಓಡುತ್ತದೆ ಅಂತ ಕೇಳಿದರೆ ಮಾತು ಬದಲಿಸುತ್ತಾನೆ.

ಇನ್ನು ನಿಜವಾಗಿ ಬಿಚ್ಚುವ ವಿಚಾರ. ಟ್ಯಾಂಕು ಮೊದಲು ಹೊರಬರಬೇಕು. ಈ ಜೀಪುಗಳಲ್ಲಿ ಅದಿರುವುದು ಮುಂದಿನ ಸೀಟಿನ ಅಡಿಯಲ್ಲಿ. ಒಳಗೆ ಆವಿ ಉಳಿದ ಖಾಲಿ ಟ್ಯಾಂಕು, ಇಂಧನ ತುಂಬಿದ ಟ್ಯಾಂಕಿಗಿಂತ ಅಪಾಯ, ಪೆಟ್ರೋಲ್ ಕಂಡ ಟ್ಯಾಂಕಾದರೆ ಇನ್ನೂ. ಅದರ ಪಕ್ಕ ವೆಲ್ಡಿಂಗ್ ಕಿಡಿ ಹಾರಿಸುವಷ್ಟು ಧೈರ್ಯ ನಮ್ಮ ಮೇಸ್ತ್ರಿಗಿದೆ, ನನಗಿಲ್ಲ. ಆಮೇಲೆ ಬ್ರೇಕು. ಎಂಜಿನ್ ಶುರುವಾಗದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಶುರುವಾದ ಗಾಡಿ ನಿಲ್ಲದಿದ್ದರೆ ಮಾತ್ರ ನಮ್ಮ ಅಂಗಳದ ಇಳಿಜಾರಿನ ಕೊನೆಗೆ ಕೆರೆಯಿದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ನೂಕುವ ಮಾಸ್ಟರ್ ಸಿಲಿಂಡರ್ ಫ್ಲೋರಿನ ಕೆಳಗೆ, ಕೆಸರು ಎರಚುವಲ್ಲೇ. ನಾಲ್ಕು ಚಕ್ರಕ್ಕೂ ಒಂದೇ ಲೈನು, ಒಂದು ಕಡೆ ಸೋರಿದರೆ ಪೆಡಲ್ ನೆಲಕ್ಕೆ. ಹ್ಯಾಂಡ್‌ಬ್ರೇಕ್ ಕೂಡ ಚಕ್ರಕ್ಕಲ್ಲ, ಗೇರ್‌ಬಾಕ್ಸ್ ಹಿಂದಿನ ಶಾಫ್ಟನ್ನು ಹಿಡಿಯುವಂಥದ್ದು.

ಎಡಗಡೆ ಹಿಂದಿನ ಚಕ್ರದ ಒಳಮೈ ಒದ್ದೆಯಾಗಿದೆ, ಆ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ. ಶುರು ಅಲ್ಲಿಂದಲೇ. ಆದರೆ ಹಳೇ ವಿಲ್ಲಿಸ್ ಕುಲದ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್ಡು, ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ನಟ್ಟು ಕೂರುವ ಸ್ಟಡ್ಡಿನ ತುದಿಯ ತುಕ್ಕು ಕೆರೆದರೆ 'ಎಲ್' ಅಂತ ಕೊರೆದದ್ದು ಕಾಣುತ್ತದೆ. ತಮ್ಮ ಆಗಲೇ ಪೈಪು ಸಿಕ್ಕಿಸಿ ಸ್ಪ್ಯಾನರ್ ಮೇಲೆ ಹತ್ತಿ ನಿಂತಿದ್ದಾನೆ, ಎಡಕ್ಕೆ.