ಮೂತಿ ಎತ್ತುವ ಮುನ್ನ ಟೇಪು ಹಿಡಿಯಿರಿ

ಇಲ್ಲಿ ಅಮೆರಿಕದಲ್ಲಿ ನನ್ನ ಪಿಕಪ್ಪಿನ ಮುಂಭಾಗ ಎತ್ತಿಸಿದೆ. ಗ್ಯಾರೇಜಿನವನು ಬಿಲ್ಲಿನ ಜೊತೆ ಇನ್ನೊಂದು ಹಾಳೆ ಕೊಟ್ಟ. ಎಡಗಡೆ ಕೆಲಸಕ್ಕೆ ಮುಂಚಿನ ಅಂಕಿ, ಬಲಗಡೆ ಕೆಲಸ ಮುಗಿದ ಮೇಲಿನ ಅಂಕಿ. ನಾಲ್ಕೂ ಮೂಲೆಯ ಎತ್ತರ, ಚಕ್ರ ಮತ್ತು ಸ್ಟೇರಿಂಗ್ ಎಷ್ಟು ಓರೆ ಎಂದು ಹೇಳುವ ಕ್ಯಾಂಬರ್, ಕ್ಯಾಸ್ಟರ್, ಟೋ ಎಲ್ಲ ಇತ್ತು. ಕೆಳಗೆ ಪೆನ್ನಿನಲ್ಲಿ ಬರೆದಿದ್ದ: ಹೆಡ್‌ಲೈಟ್ ಬೆಳಕು ಕೆಳಗೆ ತಿರುಗಿಸಿದ್ದೇನೆ, 500 ಮೈಲಿ ಓಡಿಸಿದ ಮೇಲೆ ಬನ್ನಿ, ಬೋಲ್ಟ್ ಬಿಗಿ ಮತ್ತೆ ನೋಡುತ್ತೇನೆ, ಅದಕ್ಕೆ ದುಡ್ಡಿಲ್ಲ. ಇದನ್ನೆಲ್ಲ ನಾನು ಕೇಳಿಯೇ ಇರಲಿಲ್ಲ. ಗಂಗಾವತಿಯಲ್ಲಿ ಹುಟ್ಟಿ, ಭತ್ತದ ಚೀಲದ ಮೇಲೆ ಕೂತು ಮಿಲ್ಲಿಗೆ ಹೋಗಿ ಬಂದು ಬೆಳೆದವನು ನಾನು. ಆ ಹಾಳೆ ನೋಡಿ ಎಷ್ಟು ಖುಷಿಯಾಯಿತೋ ಅಷ್ಟೇ ಹೊಟ್ಟೆಯೂ ಉರಿಯಿತು. ಇಷ್ಟು ನಮ್ಮೂರಲ್ಲಿ ಯಾಕೆ ಆಗುವುದಿಲ್ಲ?

ಈಗ ಇರುವುದು ಡಲ್ಲಾಸ್ ಪಕ್ಕದಲ್ಲಿ. ಸೆಕೆಂಡ್ ಹ್ಯಾಂಡ್ ಫೋರ್ಡ್ ಎಫ್-150 ತಗೊಂಡಿದ್ದೇನೆ. ಇಲ್ಲಿನ ಪಿಕಪ್‌ಗಳು ಕಂಪನಿಯಿಂದ ಬರುವಾಗಲೇ ಮೂತಿ ತಗ್ಗಾಗಿ, ಹಿಂಭಾಗ ಎತ್ತರವಾಗಿ ಇರುತ್ತವೆ. ಹಿಂದೆ ಲೋಡ್ ಬಿದ್ದಾಗ ಸ್ಪ್ರಿಂಗ್ ಕೂತು ಗಾಡಿ ಸಮ ಆಗಲಿ ಎಂದು ಹಾಗೆ ಮಾಡಿರುತ್ತಾರೆ. ಖಾಲಿ ಓಡಿಸುವವರಿಗೆ ಅದು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ. ಮುಂದೆ ಸ್ವಲ್ಪ ದೊಡ್ಡ ಟೈರ್ ಹಾಕಲೂ ಜಾಗ ಸಾಲದು. ಅದಕ್ಕೆ ಮುಂಭಾಗವನ್ನಷ್ಟೇ ಒಂದೂವರೆ, ಎರಡು ಇಂಚು ಎತ್ತಿಸುತ್ತಾರೆ. ಇದಕ್ಕೆ ಲೆವೆಲಿಂಗ್ ಎನ್ನುತ್ತಾರೆ.

ಎತ್ತುವ ದಾರಿ ಒಂದೇ ಅಲ್ಲ. ಸ್ಪ್ರಿಂಗ್ ಸುತ್ತಿರುವ ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿಗೂ ಚಾಸಿಗೂ ನಡುವೆ ಒಂದು ಬ್ಲಾಕ್ ಕೂರಿಸುವುದು ಎಲ್ಲಕ್ಕಿಂತ ಅಗ್ಗ. ಸ್ಪ್ರಿಂಗೂ ಹಳೆಯದೇ, ಶಾಕೂ ಹಳೆಯದೇ. ಇದರಲ್ಲಿ ಹೊಸಬರಿಗೆ ತಿಳಿಯದ ಒಂದು ಲೆಕ್ಕವಿದೆ. ಶಾಕ್ ನಿಂತಿರುವುದು ಚಕ್ರವನ್ನು ಚಾಸಿಗೆ ಹಿಡಿದಿರುವ ತೋಳು, ಅಂದರೆ ಕೆಳಗಿನ ಕಂಟ್ರೋಲ್ ಆರ್ಮ್‌ನ ನಡುವೆ, ಚಕ್ರ ಇರುವುದು ಅದರ ತುದಿಯಲ್ಲಿ. ಹಾಗಾಗಿ ಒಂದಿಂಚಿನ ಬ್ಲಾಕ್ ಇಟ್ಟರೆ ಮೂತಿ ಹತ್ತಿರ ಹತ್ತಿರ ಎರಡಿಂಚು ಏಳುತ್ತದೆ. ಎರಡನೆಯ ದಾರಿ ಬಿಲ್‌ಸ್ಟೈನ್ 5100 ತರಹದ ಶಾಕ್. ಅದರ ಮೈಮೇಲೆ ಗೀರುಗಳಿರುತ್ತವೆ, ಸ್ಪ್ರಿಂಗ್ ಕೂರುವ ತಟ್ಟೆಯನ್ನು ಬೇಕಾದ ಗೀರಿಗೆ ಏರಿಸಿ ರಿಂಗ್ ಹಾಕಿ ನಿಲ್ಲಿಸುತ್ತಾರೆ. ಖರ್ಚು ಜಾಸ್ತಿ, ಆದರೆ ಹೊಸ ಶಾಕ್ ಸಿಗುತ್ತದೆ. ನಾನು ಇದನ್ನೇ ಆರಿಸಿದೆ. ದಾರಿ ಯಾವುದೇ ಇರಲಿ, ಎರಡೂವರೆ ಇಂಚು ದಾಟಿದರೆ ಮೇಲಿನ ಆರ್ಮ್‌ನ ತುದಿಯ ಗುಂಡು ಕೀಲು, ಬಾಲ್ ಜಾಯಿಂಟ್, ಓರೆಯಾಗುತ್ತದೆ, ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದಿನ ಆಕ್ಸಲ್ ಜಾಯಿಂಟ್ ಸೊಟ್ಟಗೆ ತಿರುಗಿ ಬೇಗ ಸವೆಯುತ್ತದೆ. ಅದಕ್ಕೂ ಮೇಲೆ ಹೋಗುವುದಾದರೆ ಆರ್ಮ್‌ಗಳನ್ನೇ ಬದಲಿಸಬೇಕು.

ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಟೇಪು. ಚಕ್ರದ ನಡುಮಧ್ಯದಿಂದ ಮಡ್ಗಾರ್ಡ್ ಅಂಚಿನವರೆಗೆ ಅಳೆದ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚುಕಡಿಮೆಯಾಗಿ ಲೆಕ್ಕ ತಪ್ಪುತ್ತದಂತೆ. ನಾಲ್ಕೂ ಕಡೆ ಅಳೆದು ಮಡ್ಗಾರ್ಡ್ ಮೇಲೆ ಕಾಗದದ ಪಟ್ಟಿ ಅಂಟಿಸಿ ಅಂಕಿ ಬರೆದ. ಕೊನೆಗೆ ಮಾಡಿದ ಕೆಲಸವಂತೂ ನಾನು ನಮ್ಮ ಕಡೆ ಎಂದೂ ನೋಡಿದ್ದಲ್ಲ. ಕಂಟ್ರೋಲ್ ಆರ್ಮ್ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲಿದ್ದಾಗ ಕೈಬಿಗಿಯಷ್ಟೇ ಮಾಡಿ ಬಿಟ್ಟ. ಗಾಡಿ ಇಳಿಸಿ, ತೂಕವೆಲ್ಲ ಚಕ್ರದ ಮೇಲೆ ಬಿದ್ದ ಮೇಲೆ ಕೆಳಗೆ ನುಸುಳಿ ಬಿಗಿ ಅಳೆಯುವ ಪಾನಾ, ಟಾರ್ಕ್ ರೆಂಚ್, ಹಾಕಿ ಕಟಕ್ ಎನ್ನುವವರೆಗೆ ಬಿಗಿದ. ಪ್ರತಿ ಬೋಲ್ಟಿಗೂ ಬಿಳಿ ಬಣ್ಣದ ಗೀಟು ಎಳೆದ, ಸಡಿಲಾದರೆ ಗೀಟು ಸರಿದು ಕಣ್ಣಿಗೆ ಕಾಣಲಿ ಎಂದು. ಗಾಡಿ ಗಾಳಿಯಲ್ಲಿದ್ದಾಗಲೇ ಬಿಗಿದುಬಿಟ್ಟರೆ ಆರ್ಮ್ ಬುಡದಲ್ಲಿರುವ ಬುಷ್‌ನ ರಬ್ಬರು ತಿರುಚಿದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ದಿನ ಕಳೆದಂತೆ ಹರಿಯುತ್ತದೆ.

ಇನ್ನು ನಮ್ಮ ಸೋದರಮಾವನ ಬೊಲೆರೊ ಪಿಕಪ್ ವಿಷಯ. ನಂಬರ್ ಪ್ಲೇಟಿನಲ್ಲಿ ಕೆಎ 37, ಹಿಂದಿನ ಬಾಗಿಲ ಮೇಲೆ ಅಂಬಾಮಠದ ಅಮ್ಮನ ಹೆಸರು. ಸುಗ್ಗಿಯಲ್ಲಿ ಸೋನಾ ಮಸೂರಿ ಹೇರಿಕೊಂಡು ಹಗಲೂ ರಾತ್ರಿ ಓಡುತ್ತದೆ. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕೆ.ಜಿ. ಮೂವತ್ತು ಚೀಲ ಹಾಕಿದರೆ ಇಪ್ಪತ್ತೆರಡೂವರೆ ಕ್ವಿಂಟಲ್, ಕಂಪನಿ ಹೇಳಿದ ತೂಕ ಯಾವಾಗಲೋ ದಾಟಿರುತ್ತದೆ. ಅದಕ್ಕೆ ಹಿಂದಿನ ಕಮಾನಿಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದರು. ಮೇಸ್ತ್ರಿ ಕಮಾನನ್ನು ಆಕ್ಸಲ್ಲಿಗೆ ಕಟ್ಟುವ ಹಳೆಯ ಯು-ಬೋಲ್ಟುಗಳನ್ನೇ ತಿರುಗಿ ಹಾಕಿದ, ಪಾನಾಕ್ಕೆ ಪೈಪು ಸಿಕ್ಕಿಸಿ ಮೈಭಾರ ಬಿಟ್ಟು ಬಿಗಿದ, "ಆತ್ರಿ, ಹೋಗ್ರಿ" ಅಂದ. ಲೋಡ್ ಹಾಕಿ ಓಡಿಸಿದ ಮೇಲೆ ಮತ್ತೆ ಬಿಗಿಯಬೇಕು ಎಂದು ಅವನೂ ಹೇಳಲಿಲ್ಲ, ಮಾವನೂ ಕೇಳಲಿಲ್ಲ. ಒಮ್ಮೆ ಎಳೆದು ಬಿಗಿದ ಯು-ಬೋಲ್ಟ್ ಹಿಗ್ಗಿರುತ್ತದೆ, ಎರಡನೇ ಸಲ ಹಿಡಿತ ಸಾಲದು. ಅದು ಸಡಿಲಾದರೆ ಪ್ಲೇಟುಗಳನ್ನು ಪೋಣಿಸಿರುವ ಸೆಂಟರ್ ಬೋಲ್ಟ್ ಮೇಲೆ ಎಲ್ಲ ಭಾರ ಬೀಳುತ್ತದೆ. ಕಾರಟಗಿ ದಾಟಿ ಸಿಂಧನೂರು ಕಡೆ ಹೋಗುವಾಗ ಅದೇ ಸೆಂಟರ್ ಬೋಲ್ಟ್ ತುಂಡಾಗಿ, ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿದು, ಗಾಡಿ ಓರೆಯಾಗಿ ಕಾಲುವೆ ದಂಡೆಗೆ ಬಂದು ನಿಂತಿತು. ಮಾವನಿಗೆ ಏನೂ ಆಗಲಿಲ್ಲ. ಒಂದು ಮೊಳ ಮುಂದೆ ಹೋಗಿದ್ದರೆ ನೀರು.

ಇದಕ್ಕೆಲ್ಲ ಮಹಾ ವಿದ್ಯೆ ಬೇಕಿಲ್ಲ ಎನ್ನುವುದೇ ನನ್ನ ಸಂಕಟ. ಟೇಪು ನಮ್ಮಲ್ಲಿಲ್ಲವೇ? ಕಿರಾಣಿ ಅಂಗಡಿಯಲ್ಲಿ ಕಾಲು ಕೆ.ಜಿ. ಬೇಳೆಯನ್ನು ಎರಡು ಸಲ ತೂಗಿಸುವ ಜನ ನಾವು. ಮಿಲ್ಲಿನಲ್ಲಿ ಭತ್ತದ ತೇವಾಂಶಕ್ಕೆ ಅರ್ಧ ಪಾಯಿಂಟ್ ಹೆಚ್ಚು ಹಿಡಿದರೆ ಜಗಳಕ್ಕೆ ನಿಲ್ಲುತ್ತೇವೆ. ಜೀವ ಹೊತ್ತು ಓಡುವ ಗಾಡಿಯ ಬೋಲ್ಟಿಗೆ ಮಾತ್ರ "ಅಂದಾಜ್ ಸಾಕು" ಅನ್ನುತ್ತೇವೆ.

ಹೆಡ್‌ಲೈಟ್ ಮಾತು ಬಂದರಂತೂ ನನಗೆ ತಾಳ್ಮೆ ಉಳಿಯುವುದಿಲ್ಲ. ನನ್ನ ಗಾಡಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 145 ಇಂಚು. ಮೂತಿ ಎರಡಿಂಚು ಎದ್ದರೆ 100 ಅಡಿ ದೂರದಲ್ಲಿ ಬೆಳಕು ಹೆಚ್ಚುಕಡಿಮೆ ಒಂದೂವರೆ ಅಡಿ ಮೇಲಕ್ಕೆ ಹೋಗುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಎದುರಿನವನ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಇಲ್ಲಿ ಗಾಡಿಯನ್ನು ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ, ಕೆಲಸಕ್ಕೆ ಮುಂಚೆ ಬೆಳಕಿನ ಅಂಚು ಎಲ್ಲಿತ್ತೋ ಗುರುತು ಹಾಕಿಕೊಂಡು, ಆಮೇಲೆ ಸ್ಕ್ರೂ ತಿರುಗಿಸಿ ಸರಿಪಡಿಸುತ್ತಾರೆ. ಕೆಲಸ ಹತ್ತು ನಿಮಿಷದ್ದು. ನಮ್ಮ ಕಡೆ ಹಿಂಭಾಗ ಲೋಡಿಗೆ ಕೂತು ಮೂತಿ ಆಕಾಶ ನೋಡುತ್ತಿರುತ್ತದೆ, ಮೇಲೊಂದು ಬಿಳಿ ಎಲ್‌ಇಡಿ ಬಾರ್ ಬೇರೆ. ನವೆಂಬರ್, ಡಿಸೆಂಬರ್ ರಾತ್ರಿ ಗಂಗಾವತಿಯಿಂದ ಸಿಂಧನೂರಿಗೆ ಬೈಕಿನಲ್ಲಿ ಹೋದವರಿಗೆ ಗೊತ್ತು: ಎದುರಿಗೆ ಪಿಕಪ್ ಬಂದರೆ ಆ ಕ್ಷಣಕ್ಕೆ ರಸ್ತೆಯೂ ಕಾಣದು, ಲೈಟಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರೂ ಕಾಣದು. ನನ್ನ ಹೈಸ್ಕೂಲಿನ ಗೆಳೆಯನೊಬ್ಬನ ಮೊಣಕಾಲು ಹೋಗಿದ್ದು ಹೀಗೇ.

ಕಾಯ್ದೆ ಇಲ್ಲ ಎನ್ನುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕಾಗದದ ಮೇಲೆ ನಮ್ಮದೇ ಬಿಗಿ. ಇಲ್ಲಿಯವರೆಲ್ಲ ಶಿಸ್ತಿನವರು ಅಂತಲೂ ಅಲ್ಲ. ಮೂತಿ ಎತ್ತಿ ಹಿಂಭಾಗ ನೆಲಕ್ಕೆ ಇಳಿಸುವ ಹುಚ್ಚು ಅತಿಯಾಗಿ, ಮುಂಭಾಗ ಹಿಂಭಾಗಕ್ಕಿಂತ 4 ಇಂಚು ಅಥವಾ ಅದಕ್ಕೂ ಮೇಲೆ ಏಳುವಂತೆ ಗಾಡಿ ಬದಲಿಸಬಾರದು ಎಂದು ನಾರ್ತ್ ಕ್ಯಾರೊಲಿನಾದವರು 2021ರ ಡಿಸೆಂಬರ್‌ನಿಂದ ಕಾನೂನೇ ತಂದರು.

ಒಂದು ಮಾತು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಮೊನ್ನೆ ಊರಿಗೆ ಹೋದಾಗ ಮಾವನ ಜೊತೆ ರಾಯಚೂರು ರಸ್ತೆಯ ಇನ್ನೊಬ್ಬ ಮೇಸ್ತ್ರಿಯ ಹತ್ತಿರ ಹೋಗಿದ್ದೆ. ಅವನು ಗಾಡಿ ಕೆಳಗೆ ಬಗ್ಗುವ ಮೊದಲೇ ಕೇಳಿದ:

"ಎಷ್ಟ್ ಚೀಲ ಹಾಕ್ತೀರಿ ಯಜಮಾನ್ರ?"

"ಮೂವತ್ತು."

"ಡಾಂಬರ್ ರೋಡ್ ಅಷ್ಟೇನೋ, ಹೊಲದಾಗೂ ಇಳಿಸ್ತೀರೋ?"

"ಕಾಲುವೆ ದಂಡಿ ಹಾದೀನ ಜಾಸ್ತಿ."

"ಹಂಗಾದ್ರ ಎರಡ್ ಪ್ಲೇಟ್ ಸಾಕ್ರಿ. ಮೂರ್ ಹಾಕಿದ್ರ ಖಾಲಿ ಬರೋವಾಗ ಗಾಡಿ ಕುಣೀತೈತಿ, ನಿಮ್ ನಡಾ ಹೋಗ್ತೈತಿ."

ಡಲ್ಲಾಸ್‌ನಲ್ಲಿ ನನ್ನನ್ನು ಈ ಪ್ರಶ್ನೆ ಯಾರೂ ಕೇಳಲಿಲ್ಲ. ಅಷ್ಟು ಅಂಕಿ ಇದ್ದ ಹಾಳೆಯಲ್ಲಿ ಲೋಡ್ ಎಂಬ ಕಾಲಂ ಇರಲಿಲ್ಲ. ಈಗ ನಾನು ಹಿಂದೆ ಟ್ರೇಲರ್ ಸಿಕ್ಕಿಸಿದರೆ ಹಿಂಭಾಗ ಕೂತು ಮೂತಿ ಏಳುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ. ಆ ತೂಕಕ್ಕೆಂದೇ ಕಂಪನಿ ಇಟ್ಟಿದ್ದ ಇಳಿಜಾರನ್ನು ನಾವು ತೆಗೆದಿದ್ದೇವಲ್ಲ. ಇನ್ನೂ ಒಂದು ಹೇಳಬೇಕು. ಸೋತ ಪ್ಲೇಟನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಮತ್ತೆ ಬಾಗು ತಂದು ಹದ ಹಾಕುವ ಕೈ ಆ ಮೇಸ್ತ್ರಿಗಿದೆ. ಇಲ್ಲಿನವನು ಡಬ್ಬಿಯಿಂದ ಹೊಸದು ತೆಗೆದು ಹಾಕುತ್ತಾನೆ, ಅಷ್ಟೇ ಅವನಿಗೆ ಗೊತ್ತು. ಸುಗ್ಗಿಯ ನಡುರಾತ್ರಿ ಫೋನ್ ಮಾಡಿದರೆ ಬೈಕಿನ ಮೇಲೆ ಜಾಕು ಕಟ್ಟಿಕೊಂಡು ಹೊಲಕ್ಕೆ ಬರುವವನೂ ನಮ್ಮ ಮೇಸ್ತ್ರಿಯೇ.

ಆದರೂ ನನ್ನ ಹಟ ಬಿಟ್ಟಿಲ್ಲ. ಅಷ್ಟು ಕೇಳಿ ತಿಳಿದ ಮೇಸ್ತ್ರಿಯೂ ಕೊನೆಗೆ ಹಳೆಯ ಯು-ಬೋಲ್ಟನ್ನೇ ಕೈಗೆತ್ತಿಕೊಂಡಿದ್ದ. ನಾನು ತಡೆದು ಪಕ್ಕದ ಅಂಗಡಿಯಿಂದ ಹೊಸ ಸೆಟ್ ತರಿಸಿದೆ. ಅದರ ಬೆಲೆ ಭತ್ತದ ಒಂದು ಚೀಲಕ್ಕಿಂತ ಬಹಳ ಕಮ್ಮಿ. "ಮಾವ, ಮೊದಲ ಲೋಡ್ ಇಳಿಸಿದ ಮೇಲೆ ಇಲ್ಲಿಗೇ ಬಂದು ಮತ್ತೆ ಬಿಗಿಸ್ರಿ" ಎಂದು ಹೇಳಿ ಬಂದಿದ್ದೆ. ಬಿಗಿಸಿದ್ದಾರೆ, ಫೋಟೋ ಕಳಿಸಿದ್ದಾರೆ. ಮಿಲ್ಲಿನ ಕಾಂಪೌಂಡ್ ಗೋಡೆಗೆ ಗಾಡಿ ನಿಲ್ಲಿಸಿ ಲೈಟ್ ಇಳಿಸುವ ವಿಷಯಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ, ವಾರಕ್ಕೊಮ್ಮೆ ಫೋನಿನಲ್ಲಿ ವಾದ ನಡೆದಿದೆ.