ಕೆಂಪಗಿದ್ದರೆ ಕಳ್ಳ

ಕಳೆದ ವಾರ ಕಟಿಂಗ್ ಶಾಪಿನಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದೆ. ಎದುರಿಗೆ ಟಿವಿ. ಊರೆಲ್ಲ ಮಾತಾಡುತ್ತಿದ್ದ ಒಂದು ಕೇಸು. ಆ್ಯಂಕರ್ ಮೇಜು ಗುದ್ದಿ ಕೇಳುತ್ತಿದ್ದರು: ‘ಮಂಪರು ಪರೀಕ್ಷೆ ಯಾಕಿಲ್ಲ? ಬ್ರೈನ್ ಮ್ಯಾಪಿಂಗ್ ಯಾಕಿಲ್ಲ?’ ಅವರ ಬೆನ್ನ ಹಿಂದೆ ಪರದೆ ತುಂಬ ಒಂದು ಮೆದುಳು, ಹೂಕೋಸಿನ ಹಾಗೆ, ಗಿರಗಿರ ತಿರುಗುತ್ತಿತ್ತು. ಅಲ್ಲಲ್ಲಿ ಕೆಂಪು, ಹಳದಿ ಮಚ್ಚೆ. ಕಟಿಂಗ್ ಮಾಡುವವನು ನನ್ನ ತಲೆ ಬಗ್ಗಿಸಿ ಹೇಳಿದ, ‘ಸಾರ್, ಆ ಕೆಂಪು ಕಾಣ್ತಿದೆಯಲ್ಲ, ಸುಳ್ಳು ಇರೋದು ಅಲ್ಲೇ.’

ಅವನ ಕೈಯಲ್ಲಿ ಕತ್ತರಿ ಇತ್ತು. ಒಪ್ಪಿಕೊಂಡೆ.

ಈಗ ಕತ್ತರಿ ದೂರ ಇದೆ, ಹೇಳಿಬಿಡುತ್ತೇನೆ. ನಮ್ಮ ಪೊಲೀಸರ ಬ್ರೈನ್ ಮ್ಯಾಪಿಂಗ್ ಅಂದರೆ ತಲೆಗೆ ವೈರು ಅಂಟಿಸಿ ಮೆದುಳಿನ ಕರೆಂಟ್ ಅಳೆಯುವುದು. ಟಿವಿಯವರ ಕೆಂಪು ಮಚ್ಚೆ ಬೇರೆ ಯಂತ್ರದ್ದು, ಎಂಆರ್‌ಐದು. ಅದು ಲೆಕ್ಕ ಹಾಕುವುದು ರಕ್ತವನ್ನು. ಪರೀಕ್ಷೆ ಕರೆಂಟಿನದು, ಫೋಟೋ ರಕ್ತದ್ದು. ಹುಡುಗಿ ಮನೆಯವರಿಗೆ ಹುಡುಗನ ಬದಲು ಅವನ ಭಾವನ ಫೋಟೋ ಕಳಿಸಿದ ಹಾಗೆ.

ರಕ್ತದ ಕಥೆ ಮಾತ್ರ ಸೊಗಸಾಗಿದೆ. ನಮ್ಮ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ 2. ದೇಹದ ಶಕ್ತಿಯಲ್ಲಿ ಅದು ತಿನ್ನುವುದು 20. ಹಾಗಂತ ಉಗ್ರಾಣ ಇದೆಯಾ ಅಂದರೆ ಇಲ್ಲ, ಅಂದಂದಿನ ಪಡಿ ಅಂದಂದಿಗೆ. ಒಂದು ಮೂಲೆಯ ನರಕೋಶಗಳು ಕೆಲಸಕ್ಕೆ ಇಳಿದವೋ, ಪಕ್ಕದ ರಕ್ತನಾಳಗಳಿಗೆ ಸುದ್ದಿ ಹೋಗುತ್ತದೆ, ಅವು ಹಿಗ್ಗುತ್ತವೆ, ರಕ್ತ ನುಗ್ಗುತ್ತದೆ. ಆದರೆ ತಡವಾಗಿ. ಯೋಚನೆ ಬಂದು ಹೋಗಿರುತ್ತದೆ, ರಕ್ತದ ಭರಾಟೆ ತುದಿ ಮುಟ್ಟುವುದು ಐದಾರು ಸೆಕೆಂಡ್ ಆದ ಮೇಲೆ. ಬರುವುದೂ ಬೇಕಾದ್ದಕ್ಕಿಂತ ಜಾಸ್ತಿ. ಥೇಟ್ ಮದುವೆ ಮನೆ ಅಡುಗೆ ಭಟ್ಟರು: ಇನ್ನೂರು ಎಲೆಗೆ ಐನೂರು ಎಲೆಯ ಸಾರು. ಆಮ್ಲಜನಕ ಇರುವ ರಕ್ತ, ಇಲ್ಲದ ರಕ್ತ, ಎರಡೂ ಅಯಸ್ಕಾಂತದ ಮುಂದೆ ಬೇರೆ ಬೇರೆ ಥರ ಆಡುತ್ತವೆ. 1990ರಲ್ಲಿ ಜಪಾನಿನ ವಿಜ್ಞಾನಿ ಸೆಯ್ಜಿ ಒಗಾವಾ ಅದನ್ನೇ ಹಿಡಿದು ಚಿತ್ರ ತೆಗೆಯುವ ದಾರಿ ತೋರಿಸಿದರು. ಅಂದರೆ ಉಳಿದ ಸಾರು ನೋಡಿ ಪಂಕ್ತಿ ಎಲ್ಲಿ ಕೂತಿತ್ತು ಅಂತ ಹೇಳಬಹುದು. ಪಂಕ್ತಿಯಲ್ಲಿ ಯಾರು ಯಾರ ಬಗ್ಗೆ ಏನು ಆಡಿಕೊಂಡರು? ಸಾರಿನ ಪಾತ್ರೆಯನ್ನೇ ಕೇಳಬೇಕು.

ನನಗೆ ಇಷ್ಟವಾದವನು ಹಳೇ ಕಾಲದ ಇಟಲಿಯ ಶರೀರ ವಿಜ್ಞಾನಿ ಆಂಜೆಲೊ ಮೊಸ್ಸೊ. 1880ರ ದಶಕ, ಟ್ಯೂರಿನ್ ಊರು. ಮರದ ಹಲಗೆಯೊಂದನ್ನು ತಕ್ಕಡಿ ಥರ ನಿಲ್ಲಿಸಿ ಅದರ ಮೇಲೆ ಮನುಷ್ಯನನ್ನು ಮಲಗಿಸಿದ. ಯೋಚನೆ ಮಾಡಿದರೆ ತಲೆಗೆ ರಕ್ತ ಏರಿ ತಲೆ ಕಡೆ ವಾಲಬೇಕು ಅನ್ನುವುದು ಲೆಕ್ಕ. ನಮ್ಮ ಮನೆಯ ಪಿಯುಸಿ ಹುಡುಗನನ್ನು ಮಲಗಿಸಿದರೆ ಅದು ಮೊಬೈಲ್ ಹಿಡಿದ ಕೈ ಕಡೆಗೇ ವಾಲುತ್ತಿತ್ತು ಬಿಡಿ. ಆ ಹಲಗೆಗೂ ಮೊದಲು ಮೊಸ್ಸೊ ಹತ್ತಿರ ಬೆರ್ಟಿನೊ ಅಂತ ಒಬ್ಬ ರೈತ ಬಂದಿದ್ದ. ಬುರುಡೆಯಲ್ಲಿ ತೂತು, ಒಳಗೆ ಮೆದುಳು ಮಿಡಿಯುವುದು ಕಾಣುತ್ತಿತ್ತು. ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿತು. ಕೈಯ ನಾಡಿ ಹಾಗೇ ಇತ್ತು, ಮೆದುಳಿನ ಮಿಡಿತ ಮಾತ್ರ ಎದ್ದಿತು. ಪ್ರಾರ್ಥನೆ ಹೇಳಬೇಕು ಅನ್ನಿಸಿತಾ ಅಂತ ಮೊಸ್ಸೊ ಕೇಳಿದ. ಮಿಡಿತ ಮತ್ತೆ ಎದ್ದಿತು. ಮೊಸ್ಸೊ ಅವನನ್ನು ಕೇಳಿದ, ನೋಡಿ. ಯಂತ್ರವನ್ನಲ್ಲ.

ಆಮೇಲೆ ಆ ಮೀನು. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಒಂದು ಸಾಲ್ಮನ್ ಮೀನನ್ನು ಎಂಆರ್‌ಐ ಒಳಗೆ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ‘ಇವರಿಗೆ ಏನು ಅನ್ನಿಸುತ್ತಿದೆ, ಹೇಳು’ ಅಂದರು. ಮೀನಿನ ಮೆದುಳಲ್ಲಿ ಮಚ್ಚೆ ಬೆಳಗಿತು. ಮೀನು ಸತ್ತಿತ್ತು. ಸಾವಿರಗಟ್ಟಲೆ ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸಿ, ಲೆಕ್ಕ ಸರಿಪಡಿಸದೆ ಬಿಟ್ಟರೆ ಒಂದೆರಡು ಸುಮ್ನೆ ಬೆಳಗುತ್ತವೆ ಅಂತ ತೋರಿಸಲು ಮಾಡಿದ್ದು. 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಕೊಟ್ಟರು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ. ನಮ್ಮ ಸ್ಟುಡಿಯೋಗೆ ಸಿಕ್ಕಿದ್ದರೆ ಆ ಮೀನು ಅಷ್ಟು ಹೊತ್ತಿಗೆ ತಪ್ಪೊಪ್ಪಿಕೊಂಡಿರುತ್ತಿತ್ತು.

ನಗಬೇಡಿ, ಇಲ್ಲೇ ಆಗಿದೆ. 2008ರಲ್ಲಿ ಪುಣೆಯ ನ್ಯಾಯಾಲಯ ಒಂದು ಕೊಲೆ ಕೇಸಿನಲ್ಲಿ ತಲೆಗೆ ವೈರು ಅಂಟಿಸುವ ಪರೀಕ್ಷೆಯನ್ನೂ ಸಾಕ್ಷಿಯಾಗಿ ಒಪ್ಪಿ ಶಿಕ್ಷೆ ಕೊಟ್ಟಿತು. ಆ ವಿಧಾನ ರೂಪಿಸಿದವರು ನಮ್ಮ ನಿಮ್ಹಾನ್ಸ್‌ನಲ್ಲಿದ್ದ ಪ್ರೊಫೆಸರ್. ಹೆಮ್ಮೆ ಪಡಬೇಕೋ ಏನೋ. 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಮಂಪರು, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡಕೂಡದು ಅಂತ ಹೇಳಿತು. ಆ ಪ್ರಕರಣದ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ನಮ್ಮದೇ ಹೆಸರು ತೀರ್ಪಿನ ಹಣೆ ಮೇಲಿದೆ. ಆದರೂ ಪ್ರತಿ ಕೇಸಿಗೂ ಅದೇ ಮೇಜು, ಅದೇ ಗುದ್ದು.

ಮೆದುಳಿಗೆ ರಕ್ತ ಹರಿಯುವುದರ ಬಗ್ಗೆ ಇಷ್ಟೊಂದು ಕಾಳಜಿ ಇರುವ ನಾಡು ನಮ್ಮದು ಅಂತ ಬರೆಯಲು ಹೊರಟಿದ್ದೆ. ಕೈ ಬರುತ್ತಿಲ್ಲ. ಹೋದ ವರ್ಷ ನಮ್ಮ ಸೋದರಮಾವ ಬೆಳಗ್ಗೆ ಕಾಫಿ ಕುಡಿಯುತ್ತಿದ್ದರು. ಕಾಫಿ ಬಾಯಿಯ ಎಡ ಮೂಲೆಯಿಂದ ಇಳಿದು ಪಂಚೆ ಮೇಲೆ ಬಿತ್ತು. ಲಕ್ವ. ಮೆದುಳಿನ ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವಂತೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. ಅದನ್ನು ಕೊಡಬೇಕಾದರೂ, ಒಳಗೆ ರಕ್ತಸ್ರಾವ ಆಗಿಲ್ಲ ಅಂತ ಮೊದಲು ಸ್ಕ್ಯಾನ್ ಆಗಬೇಕು. ಮೊದಲು ಹೋದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಇಲ್ಲ. ಎರಡನೆಯದರಲ್ಲಿ ಇದೆ, ಕೆಟ್ಟಿದೆ, ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಅಷ್ಟರಲ್ಲಿ ದೊಡ್ಡಮ್ಮ ಫೋನ್ ಮಾಡಿ ಪಾರಿವಾಳದ ರಕ್ತ ಹಚ್ಚಿಸಿ ಅಂದರು. ಮೂರನೇ ಕಡೆ ಮುಟ್ಟುವಾಗ ಮಧ್ಯಾಹ್ನ. ‘ಮೊದಲೇ ಬರಬಾರದಿತ್ತಾ?’ ಅಂದರು ಡಾಕ್ಟರು.

ಮಾವನಿಗೆ ಈಗಲೂ ಎಡಗೈ ಎತ್ತಲು ಆಗುವುದಿಲ್ಲ. ಟಿವಿ ನೋಡುತ್ತಾರೆ. ಮೊನ್ನೆ ಆ ಮೀನಿನ ಕಥೆ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ತೊದಲುತ್ತಾ ಕೇಳಿದರು: ‘ಅದಕ್ಕೆ ಮಿಷನ್ ಎಷ್ಟು ಹೊತ್ತಿಗೆ ಸಿಕ್ಕಿತೋ?’