ಇಪ್ಪತ್ತು ನಿಮಿಷದ ಗ್ರಂಥಾಲಯ ಪರಿಚಯ

ಇಂದು ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ಇಲ್ಲಿ ಬರೆದಾದರೂ ತಣಿಯಲಿ.

ಇತಿಹಾಸ ಓದುತ್ತಿರುವ ಬಿ.ಎ. ಪ್ರಥಮ ವರ್ಷದ ಹುಡುಗಿಯೊಬ್ಬಳು ಮೂರು ಗಂಟೆಯ ಹೊತ್ತಿಗೆ ಕಾಲೇಜು ಗ್ರಂಥಾಲಯದಲ್ಲಿ ನನ್ನ ಮೇಜಿನ ಮುಂದೆ ನಿಂತು, “ಮೇಡಂ, ಈ ಐದು ಪುಸ್ತಕ ಬೇಕಿತ್ತು” ಎಂದು ಮೊಬೈಲ್ ಮುಂದೆ ಹಿಡಿದಳು. ಮೈಸೂರು ಸೀಮೆಯ 1876-78ರ ಬರಗಾಲದ ಬಗ್ಗೆ ಅಸೈನ್‌ಮೆಂಟ್. ಪಟ್ಟಿಯಲ್ಲಿ ಲೇಖಕರ ಹೆಸರು, ಪ್ರಕಾಶಕರು, ವರ್ಷ ಎಲ್ಲವೂ ಒಪ್ಪವಾಗಿದ್ದವು. ನಮ್ಮ ಕ್ಯಾಟಲಾಗಿನಲ್ಲಿ ಹುಡುಕಿದೆ, ಬೇರೆ ದೊಡ್ಡ ಗ್ರಂಥಾಲಯಗಳ ಆನ್‌ಲೈನ್ ಕ್ಯಾಟಲಾಗುಗಳಲ್ಲೂ ಹುಡುಕಿದೆ. ಒಂದೇ ಒಂದು ಪುಸ್ತಕವೂ ಸಿಗಲಿಲ್ಲ. ಚಾಟ್‌ಜಿಪಿಟಿಯನ್ನು ಕೇಳಿದ್ದಳಂತೆ. ಅದು ಐದನ್ನೂ ಹೊಸೆದು ಕೊಟ್ಟಿತ್ತು.

“ಇವೆಲ್ಲ ಇಲ್ಲದ ಪುಸ್ತಕ ಕಣಮ್ಮ, ಇಷ್ಟೂ ಗೊತ್ತಾಗುವುದಿಲ್ಲವೇ” ಎಂದು ಗದರಿದೆ. ಗದರಿದ ಮರುಕ್ಷಣವೇ ನಾಚಿಕೆಯಾಯಿತು. ಕಳೆದ ತಿಂಗಳು ನಾವು ನಡೆಸಿದ ‘ಗ್ರಂಥಾಲಯ ಪರಿಚಯ’ ಕಾರ್ಯಕ್ರಮದಲ್ಲಿ ಈ ಹುಡುಗಿ ಮೊದಲ ಸಾಲಿನಲ್ಲೇ ಕುಳಿತಿದ್ದಳು. ಒಟ್ಟು ಇಪ್ಪತ್ತು ನಿಮಿಷದ ಆ ಕಾರ್ಯಕ್ರಮದಲ್ಲಿ ಸ್ವಾಗತಕ್ಕೆ ಐದು ನಿಮಿಷ, ವಂದನಾರ್ಪಣೆಗೆ ಮೂರು ನಿಮಿಷ ಹೋದ ಮೇಲೆ, ಎಷ್ಟು ಪುಸ್ತಕ ಕೊಡುತ್ತೇವೆ, ತಡವಾದರೆ ದಂಡವೆಷ್ಟು, ಚೀಲ ಎಲ್ಲಿಡಬೇಕು ಎಂಬುದನ್ನು ಮೈಕಿನ ಮುಂದೆ ನಿಂತು ಒದರಿದವಳು ನಾನೇ. ಸ್ಥಳದ ಗುರುತು (ಜಿಯೋ ಟ್ಯಾಗ್) ಇರುವ ಫೋಟೊ ತೆಗೆಸಿ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ತೋರಿಸುವ ಕಡತಕ್ಕೆ ಸೇರಿಸಿದೆವು. ಒಂದು ಪುಸ್ತಕ ಇದೆಯೋ ಇಲ್ಲವೋ ಎಂದು ಪತ್ತೆಹಚ್ಚುವುದು ಹೇಗೆಂಬುದನ್ನು ಮಾತ್ರ ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದವಳಿಗೆ ಸಂಬಳ ಮಾತ್ರ ಪ್ರತಿ ತಿಂಗಳೂ ಬರುತ್ತಿದೆ.

ಈ ಮಾತನ್ನು ಸ್ಟಾಫ್ ರೂಮಿನಲ್ಲಿ ತೆಗೆದಾಗಲೆಲ್ಲ ಬರುವ ಉತ್ತರ ಒಂದೇ: “ಹುಟ್ಟುತ್ತಲೇ ಮೊಬೈಲ್ ಹಿಡಿದ ಮಕ್ಕಳಿಗೆ ಹುಡುಕುವುದನ್ನು ನೀವೇನು ಕಲಿಸುತ್ತೀರಿ ಮೇಡಂ?” ಈ ಮಕ್ಕಳು ರೀಲ್ಸ್ ಹುಡುಕುವುದಿಲ್ಲ ಸ್ವಾಮಿ, ರೀಲ್ಸೇ ಇವರನ್ನು ಹುಡುಕಿಕೊಂಡು ಬರುತ್ತದೆ. ಪುಸ್ತಕದ ಬೆನ್ನಿನ ಮೇಲಿರುವ 894.8141 ಎಂಬ ಸಂಖ್ಯೆಯನ್ನು ನೋಡಿ ಇದು ಬೆಲೆಯೇ ಎಂದು ಕೇಳಿದ ಹುಡುಗನಿಗೆ, ಅದು ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಕಾವ್ಯದ ಮನೆ ನಂಬರು, ಒಂದು ಪುಸ್ತಕ ಸಿಕ್ಕಿದರೆ ಅದರ ಅಕ್ಕಪಕ್ಕದಲ್ಲೇ ಅದರ ಬಂಧುಬಳಗವೂ ಇರುತ್ತದೆ ಎಂದು ತಿಳಿಸುವುದಕ್ಕೆ ಎರಡು ನಿಮಿಷ ಸಾಕಾಗಿತ್ತು. ಆ ಎರಡು ನಿಮಿಷವನ್ನು ಅವನ ಹನ್ನೆರಡು ವರ್ಷದ ಓದಿನಲ್ಲಿ ಯಾರೂ ಕೊಟ್ಟಿರಲಿಲ್ಲ.

ನಮ್ಮ ಕ್ಯಾಟಲಾಗೂ ಕಡಿಮೆಯದಲ್ಲ. ಕನ್ನಡದ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದವರಲ್ಲಿ ಕೆಲವರು ‘ಚ’ಕಾರಕ್ಕೆ ಬರೀ ಸಿ ಹಾಕಿದ್ದಾರೆ, ಕೆಲವರು ಸಿ ಎಚ್ ಹಾಕಿದ್ದಾರೆ. ‘ವಚನ’ ಎಂದು ಒಂದು ರೀತಿಯಲ್ಲಿ ಹುಡುಕಿದರೆ ಅರ್ಧ ಪುಸ್ತಕಗಳು, ಇನ್ನೊಂದು ರೀತಿಯಲ್ಲಿ ಹುಡುಕಿದರೆ ಉಳಿದರ್ಧ. ಕನ್ನಡ ಲಿಪಿಯಲ್ಲೇ ಹುಡುಕಿದವರಿಗೆ ಸೊನ್ನೆ. ಪರದೆಯ ಮೇಲೆ ಸೊನ್ನೆ ಕಂಡ ವಿದ್ಯಾರ್ಥಿ ಪುಸ್ತಕವೇ ಇಲ್ಲವೆಂದು ತಿಳಿದು ಹೊರಟುಹೋಗುತ್ತಾನೆ. ಇನ್ನೊಂದು ಕಾಗುಣಿತದಲ್ಲೂ ನೋಡು ಎಂಬ ಇಷ್ಟು ಸಣ್ಣ ಉಪಾಯವನ್ನು ಪಠ್ಯಕ್ರಮದ ಯಾವ ಘಟಕದಲ್ಲೂ ಬರೆದಿರುವುದಿಲ್ಲ.

ಇನ್ನು ನಮ್ಮ ಬೀರುವಿನ ಬೀಗದ ವಿಷಯ. ಆಗಸ್ಟ್ 12ರಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಬೆಂಗಳೂರಿನಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದ, ಇದೇ ಊರಿನಲ್ಲಿ 1972ರಲ್ಲಿ ತೀರಿಕೊಂಡ ಆ ಮಹನೀಯರು 1931ರಲ್ಲೇ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಹಾರ ಹಾಕಿ, ಸಿಹಿ ತಿಂದು, ಪರಾಮರ್ಶನ ಗ್ರಂಥಗಳ ಬೀರುವಿಗೆ ಬೀಗ ಹಾಕಿಕೊಂಡು ಮನೆಗೆ ಹೋಗುತ್ತೇವೆ. ಪುಸ್ತಕ ಕಳೆದರೆ ದಾಸ್ತಾನು ಪರಿಶೀಲನೆಯಲ್ಲಿ ಉತ್ತರ ಕೊಡಬೇಕಾದವರು ನಾವು, ನಿವೃತ್ತಿಯ ಹೊತ್ತಿಗೆ ಬಾಕಿ ತೋರಿಸಿದರೆ ಏನು ಗತಿ ಎಂಬ ಭಯ ನನಗೂ ಇದೆ, ಸುಳ್ಳೇಕೆ ಹೇಳಲಿ. ಆದರೆ ಆ ಭಯದ ಬಾಡಿಗೆಯನ್ನು ಹದಿನೆಂಟು ವರ್ಷದ ಹುಡುಗಿಯೇಕೆ ಕಟ್ಟಬೇಕು?

ಅವಳಿಗೆ ಬೇಕಾಗಿದ್ದದ್ದು ಅದೇ ಬೀರುವಿನಲ್ಲಿತ್ತು, ಅವಳು ನಿಂತಿದ್ದ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್, ಅಂದರೆ ಸಂಸ್ಥಾನದ ನೆಲ, ಜನ, ಇತಿಹಾಸದ ಮಾಹಿತಿಕೋಶ; 1897ರ ಪರಿಷ್ಕೃತ ಆವೃತ್ತಿಯ ಮರುಮುದ್ರಣ. ಬೀಗ ತೆಗೆದು ಇಬ್ಬರೂ ಮೇಜಿನ ಮುಂದೆ ಕುಳಿತೆವು. ಮೊದಲು ಹಿಂದಿನ ಅಕಾರಾದಿ ಸೂಚಿಯಲ್ಲಿ ಬರಗಾಲ ಎಲ್ಲಿದೆ ನೋಡೆಂದೆ. ಸೂಚಿಯೆಂಬುದೊಂದು ಇರುತ್ತದೆಂದೇ ಅವಳಿಗೆ ತಿಳಿದಿರಲಿಲ್ಲ, ಪುಟ ಒಂದರಿಂದ ಮಗುಚಲು ಶುರುಮಾಡಿದ್ದಳು. ಆಮೇಲೆ ಜನಗಣತಿಯ ಅಂಕಿಗಳು ಸಿಕ್ಕವು: 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50.55 ಲಕ್ಷ, 1881ರಲ್ಲಿ 41.86 ಲಕ್ಷ. ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಕಳೆದು, “ಹಾಗಾದರೆ ಸತ್ತವರು 8.69 ಲಕ್ಷ” ಎಂದಳು.

“ಇದು ಹತ್ತು ವರ್ಷದ ಅಂತರ. ಊರು ಬಿಟ್ಟು ಹೋದವರು, ಹುಟ್ಟಬೇಕಾಗಿದ್ದು ಹುಟ್ಟದೇ ಹೋದ ಮಕ್ಕಳು, ಆ ನಡುವೆ ಹುಟ್ಟಿದವರು, ಇವರೆಲ್ಲ ಈ ಲೆಕ್ಕದಲ್ಲಿ ಎಲ್ಲಿದ್ದಾರೆ?” ಎಂದೆ.

ಪೆನ್ನು ಕಚ್ಚಿಕೊಂಡು ಬಹಳ ಹೊತ್ತು ಕುಳಿತಿದ್ದಳು. ಅಷ್ಟೂ ಸೇರಿ ನಲವತ್ತು ನಿಮಿಷವಾಯಿತು. ಮೈಕು, ಹಾರ, ಫೋಟೊ ಯಾವುದೂ ಬೇಕಾಗಲಿಲ್ಲ. ಒಂದು ನಿಜವಾದ ಅಸೈನ್‌ಮೆಂಟ್ ಇತ್ತು, ಅದನ್ನು ಕೊಟ್ಟ ಮೇಷ್ಟ್ರು ಪಕ್ಕದಲ್ಲಿ ಕುಳಿತಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಹೊರಡುವಾಗ, “ಪುಟದ ನಂಬರೂ ಬರೀಬೇಕಾ ಮೇಡಂ?” ಎಂದು ಕೇಳಿದಳು. ಬರೀಬೇಕು ಎಂದೆ. ನಾಲ್ಕೂವರೆಯ ಬಸ್ಸಿಗೆ ಓಡಿದವಳು ಬಾಗಿಲಿನಿಂದ ವಾಪಸು ಬಂದು ಪುಟದ ನಂಬರು ಬರೆದುಕೊಂಡು ಹೋದಳು.

ನಾಳೆ ಪ್ರಾಂಶುಪಾಲರ ಮುಂದೆ ಎರಡು ಬೇಡಿಕೆ ಇಡಲಿದ್ದೇನೆ: ಪ್ರತಿ ಅಸೈನ್‌ಮೆಂಟ್ ಕೊಟ್ಟ ವಾರ ಆ ತರಗತಿಗೆ ಗ್ರಂಥಾಲಯದಲ್ಲೇ ಒಂದು ಪೂರ್ತಿ ಪಿರಿಯಡ್, ಮತ್ತು ಬೀರುವಿನ ಬೀಗಕ್ಕೆ ರಜೆ. ಮೊದಲನೆಯದಕ್ಕೆ ಟೈಂಟೇಬಲ್ ತೋರಿಸುತ್ತಾರೆಂದು ಗೊತ್ತು. ಎರಡನೆಯದಕ್ಕೆ ಏನು ತೋರಿಸಿದರೂ ಪ್ರಯೋಜನವಿಲ್ಲ, ಬೀಗವನ್ನು ನಾನು ಇಂದು ಮನೆಗೇ ತಂದಿದ್ದೇನೆ.